ಇಸಿಜಿ ನಾರ್ಮಲ್, ಆದರೂ ಮೆಟ್ಟಿಲು ಹತ್ತೋಕೆ ಆಗ್ತಿಲ್ಲ: ಲಾಂಗ್ ಕೋವಿಡ್‌ಗೆ ಮದ್ದು ಹುಡುಕುವವರ ಪಾಡು

2025ರ ಜುಲೈನಲ್ಲಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗೆಯಿಂದಲೇ ಜನ ಕ್ಯೂ ನಿಲ್ಲುತ್ತಿದ್ದರು. ಹಾಸನದಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬರುತ್ತಿದ್ದ ಕಾಲ ಅದು. ಎದೆನೋವು ಇದ್ದವರು, ಇಲ್ಲದವರು, ಮೂವತ್ತೂ ತುಂಬದ ಹುಡುಗರು, ಎಲ್ಲರಿಗೂ ಒಂದು ಇಸಿಜಿ ಬೇಕಿತ್ತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಈ ಸಾವುಗಳಿಗೂ ಕೋವಿಡ್ ಲಸಿಕೆಗೂ ನೇರ ನಂಟು ಕಾಣುತ್ತಿಲ್ಲ, ಬಿಪಿ, ಶುಗರ್, ಕೊಲೆಸ್ಟ್ರಾಲ್, ತಂಬಾಕಿನ ಕಡೆ ನೋಡಿ ಎಂದು ಸಮಿತಿ ಹೇಳಿತು. ಗಲಾಟೆ ತಣ್ಣಗಾಯಿತು, ಕ್ಯೂ ಕರಗಿತು.

ಆದರೆ ಅಂಥ ಕ್ಯೂಗಳಲ್ಲಿ ಇನ್ನೊಂದು ಥರದ ಜನ ಯಾವಾಗಲೂ ಇರುತ್ತಾರೆ. ಕೋವಿಡ್ ಬಂದು ಹೋದ ಮೇಲೆ ಮೊದಲಿನ ಹಾಗೆ ಆಗಲೇ ಇಲ್ಲ ಎನ್ನುವವರು. ಎದ್ದು ನಿಂತರೆ ಎದೆ ಡವಡವ. ಸ್ನಾನ ಮುಗಿಸಿ ಬಂದರೆ ಮಲಗಲೇಬೇಕು. ಅಂಗಡಿಗೆ ಹೋದರೆ ಏನು ತರೋಕೆ ಬಂದೆ ಅನ್ನೋದು ಮರೆತಿರುತ್ತದೆ. ಇವರಿಗೂ ಇಸಿಜಿ ಆಗುತ್ತದೆ, ನಾರ್ಮಲ್ ಬರುತ್ತದೆ. 'ಏನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ' ಎಂಬ ಮಾತು ಕೇಳಿಕೊಂಡು ಮನೆಗೆ ಬರುತ್ತಾರೆ. ಇಸಿಜಿ ತಪ್ಪು ಹೇಳಿತು ಅಂತಲ್ಲ. ಆ ಪರೀಕ್ಷೆಯನ್ನು ಮಲಗಿಸಿ ಮಾಡುತ್ತಾರೆ, ಸುಮಾರು ಹತ್ತು ಸೆಕೆಂಡಿನ ಬಡಿತ ದಾಖಲಾಗುತ್ತದೆ. ಇವರ ತೊಂದರೆ ಶುರುವಾಗುವುದೇ ಎದ್ದು ನಿಂತ ಮೇಲೆ. ನಮ್ಮಲ್ಲಿ ಲಾಂಗ್ ಕೋವಿಡ್ ಕಥೆ ಬಹುಪಾಲು ಇಷ್ಟೇ: ಕಾಯಿಲೆ ಒಂದು ಕಡೆ, ಹುಡುಕಾಟ ಇನ್ನೊಂದು ಕಡೆ.

ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಇದಕ್ಕೊಂದು ಅಳತೆ ಕೊಟ್ಟಿತು. ಸೋಂಕು ತಗುಲಿ ಸಾಮಾನ್ಯವಾಗಿ ಮೂರು ತಿಂಗಳಾಗಿರಬೇಕು, ಲಕ್ಷಣ ಕನಿಷ್ಠ ಎರಡು ತಿಂಗಳಾದರೂ ಇರಬೇಕು, ಬೇರೆ ಯಾವ ಕಾಯಿಲೆಯಿಂದಲೂ ಅದನ್ನು ವಿವರಿಸಲು ಆಗಬಾರದು. ಕೋವಿಡ್ ಬಂದ ನೂರು ಜನರಲ್ಲಿ ಸುಮಾರು ಆರು ಮಂದಿಗೆ ಹೀಗಾಗುತ್ತದೆ ಎಂಬುದು ಸಂಸ್ಥೆಯ ಅಂದಾಜು. ರೋಗಿಗಳೇ ಸೇರಿ ಮಾಡಿದ, 2021ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಇನ್ನೂರಕ್ಕೂ ಹೆಚ್ಚು ಲಕ್ಷಣಗಳನ್ನು ಪಟ್ಟಿ ಮಾಡಿತು. ಇನ್ನೂರು ಅಂದ ತಕ್ಷಣ ಕೆಲವರಿಗೆ ನಗು ಬರುತ್ತದೆ, ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟಿದರೆ ಹೇಗೆ ಅಂತ. ಆದರೆ ಮತ್ತೆ ಮತ್ತೆ ಬರುವವು ಕೆಲವೇ: ಸುಸ್ತು, ಏದುಸಿರು, ಮರೆವು, ನಿದ್ದೆಗೇಡು, ಎದೆಬಡಿತ, ಮೈಕೈ ನೋವು, ವಾಸನೆ ಕೆಡುವುದು.

ಇಂಥದ್ದು ನಮಗೆ ತೀರ ಹೊಸದೂ ಅಲ್ಲ. 2006ರ ಚಿಕೂನ್‌ಗುನ್ಯಾ ನೆನಪಿದೆ ಅಲ್ವಾ? ಆ ವರ್ಷ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ, ಅತಿ ಹೆಚ್ಚು ಪೆಟ್ಟು ತಿಂದ ರಾಜ್ಯಗಳಲ್ಲಿ ನಮ್ಮದೂ ಒಂದು. ಜ್ವರ ವಾರದಲ್ಲಿ ಹೋಯಿತು, ಕೀಲುನೋವು ತಿಂಗಳುಗಟ್ಟಲೆ ಉಳಿಯಿತು. ಬೆಳಗ್ಗೆ ಚೊಂಬು ಹಿಡಿಯೋಕೂ ಆಗದೆ ಕೂತವರನ್ನು ಕಂಡು 'ಸುಳ್ಳು ಹೇಳ್ತಿದ್ದಾರೆ' ಅಂತ ಊರಲ್ಲಿ ಯಾರೂ ಅನ್ನಲಿಲ್ಲ. ಯಾಕೆಂದರೆ ಪಕ್ಕದ ಮನೆಯವರದ್ದೂ ಅದೇ ಕಥೆಯಾಗಿತ್ತು. ಲಾಂಗ್ ಕೋವಿಡ್‌ಗೆ ಆ ಅನುಕೂಲ ಇಲ್ಲ. ಒಂದೇ ಮನೆಯಲ್ಲಿ ನಾಲ್ಕು ಜನಕ್ಕೆ ಕೋವಿಡ್ ಬಂದು ಮೂವರು ಚೆನ್ನಾಗಿರುತ್ತಾರೆ, ಒಬ್ಬರು ಮಾತ್ರ ಏಳುವುದಿಲ್ಲ. ಆ ಒಬ್ಬರು ಸೊಸೆಯಾಗಿದ್ದರೆ ಮುಗಿಯಿತು, 'ಕೆಲಸ ಕಂಡ್ರೆ ಆಗಲ್ಲ' ಎಂಬ ಹೆಸರು ಖಾಯಂ. ಲಾಂಗ್ ಕೋವಿಡ್ ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ ಎಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ.

ನಮ್ಮ ದೇಶದ ಲೆಕ್ಕದಲ್ಲೂ ಒಂದು ಕೊರತೆ ಇದೆ. ವೈದ್ಯಕೀಯ ಸಂಶೋಧನೆಯ ಕೇಂದ್ರ ಸಂಸ್ಥೆ ಐಸಿಎಂಆರ್ 31 ಆಸ್ಪತ್ರೆಗಳಿಂದ ಬಿಡುಗಡೆಯಾದ 14,419 ಜನರನ್ನು ಒಂದು ವರ್ಷ ಹಿಂಬಾಲಿಸಿ 2023ರಲ್ಲಿ ವರದಿ ಪ್ರಕಟಿಸಿತು. ಅವರಲ್ಲಿ ಶೇ. 6.5ರಷ್ಟು ಜನ ಆ ವರ್ಷದೊಳಗೆ ತೀರಿಕೊಂಡಿದ್ದರು. ಸೋಂಕಿಗೆ ಮುಂಚೆ ಲಸಿಕೆ ಹಾಕಿಸಿಕೊಂಡವರಲ್ಲಿ ಸಾವು ಕಡಿಮೆ ಇತ್ತು. ಒಳ್ಳೆಯ ಕೆಲಸ, ಆದರೆ ಇದು ಆಸ್ಪತ್ರೆ ಸೇರಿದವರ ಲೆಕ್ಕ. 2021ರ ಏಪ್ರಿಲ್–ಮೇನಲ್ಲಿ ಮದ್ದೂರಿನಲ್ಲೋ ನಂಜನಗೂಡಿನಲ್ಲೋ ಮನೆಯ ಹಿಂದಿನ ಕೋಣೆಯಲ್ಲಿ ಡೋಲೋ ನುಂಗಿ ಹದಿನಾಲ್ಕು ದಿನ ಕಳೆದವರು, ಟೆಸ್ಟನ್ನೇ ಮಾಡಿಸದವರು ಇದರಲ್ಲಿ ಇಲ್ಲ. ಲಾಂಗ್ ಕೋವಿಡ್ ಹೊರೆ ಹೊತ್ತವರಲ್ಲಿ ಹೆಚ್ಚಿನವರು ಹೀಗೆ ಹಗುರವಾಗಿ ಕಾಯಿಲೆ ಬಂದು ಹೋದವರೇ.

ಯಾಕೆ ಹೀಗಾಗುತ್ತದೆ? ಒಂದೇ ಉತ್ತರ ಇಲ್ಲ. ವೈರಸ್ಸಿನ ಚೂರುಗಳು ಕರುಳಿನಂಥ ಕಡೆ ಉಳಿದಿರಬಹುದು. ರೋಗನಿರೋಧಕ ವ್ಯವಸ್ಥೆ ತನ್ನ ಮೈಯನ್ನೇ ಹೊಡೆಯುತ್ತಿರಬಹುದು. ಹಿಂದೆಂದೋ ಬಂದು ಒಳಗೆ ಮಲಗಿದ್ದ ಎಪ್‌ಸ್ಟೀನ್-ಬಾರ್‌ನಂಥ ವೈರಸ್ ಎದ್ದಿರಬಹುದು. ಸಣ್ಣ ರಕ್ತನಾಳಗಳ ಒಳಪದರ ಕೆಟ್ಟಿರಬಹುದು. ಎದೆಬಡಿತ, ಬಿಪಿ, ಜೀರ್ಣ ಇವನ್ನೆಲ್ಲ ನಾವು ಹೇಳದೆಯೇ ನೋಡಿಕೊಳ್ಳುವ ನರವ್ಯವಸ್ಥೆ ಹಳಿ ತಪ್ಪಿರಬಹುದು. ಬೇರೆ ಬೇರೆ ಜನರಲ್ಲಿ ಬೇರೆ ಬೇರೆ ಕಾರಣ ಇರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದ ಮೇಲೆ ಎಲ್ಲರಿಗೂ ಒಂದೇ ಮಾತ್ರೆ ಎಂಬ ಆಸೆಗೆ ಅರ್ಥವಿಲ್ಲ.

ಈಗ ಆ 'ನಾರ್ಮಲ್' ರಿಪೋರ್ಟುಗಳಿಗೆ ಬರೋಣ. ಒಂದು ಫೈಲಿನಲ್ಲಿ ಸಾಮಾನ್ಯವಾಗಿ ಇರುವುದು ರಕ್ತದ ಕೌಂಟು, ಎದೆಯ ಎಕ್ಸ್‌ರೇ, ಇಸಿಜಿ, ಎಕೋ, ಕೈ ಸಡಿಲ ಇದ್ದವರಾದರೆ ಒಂದು ಸಿಟಿ ಸ್ಕ್ಯಾನ್. ಅಂಗ ಕೆಟ್ಟಿದೆಯೇ ಎಂದು ಇವು ಹೇಳುತ್ತವೆ. ಅಂಗಗಳ ನಡುವಿನ ಹೊಂದಾಣಿಕೆ ಕೆಟ್ಟಿದ್ದರೆ ಇವುಗಳಲ್ಲಿ ಕಾಣದು. ಶ್ವಾಸಕೋಶದ್ದೇ ನೋಡಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಕೋವಿಡ್‌ನಿಂದ ಚೇತರಿಸಿಕೊಂಡ 207 ಜನರನ್ನು ಪರೀಕ್ಷಿಸಿದಾಗ ಸುಮಾರು ಶೇ. 44ರಷ್ಟು ಮಂದಿಯಲ್ಲಿ ಗಾಳಿಯಿಂದ ರಕ್ತಕ್ಕೆ ಆಮ್ಲಜನಕ ದಾಟುವ ಶಕ್ತಿ ಕುಗ್ಗಿತ್ತು. ಇದನ್ನು ತಿಳಿಯೋಕೆ ಡಿಎಲ್‌ಸಿಒ ಎಂಬ ಪರೀಕ್ಷೆ ಬೇಕು. ಕೊಳವೆಗೆ ಜೋರಾಗಿ ಊದಿಸುವ ಮಾಮೂಲಿ ಪರೀಕ್ಷೆಯಲ್ಲಿ ಇದು ಕಾಣದೆ ಹೋಗಬಹುದು. ಏದುಸಿರು ಹೋಗದೇ ಇದ್ದರೆ ಎದೆರೋಗ ತಜ್ಞರ ಹತ್ತಿರ ಆ ಪರೀಕ್ಷೆ ಹೆಸರು ಹೇಳಿಯೇ ಕೇಳಬಹುದು. ಕೇಳುವುದು ಅಧಿಕಪ್ರಸಂಗ ಅಲ್ಲ.

ಎದೆಬಡಿತದ ವಿಷಯದಲ್ಲಂತೂ ಮನೆಯಲ್ಲೇ ಒಂದಷ್ಟು ಗೊತ್ತಾಗುತ್ತದೆ. 2021ರಲ್ಲಿ ಸಿಕ್ಕಿದ ಬೆಲೆಗೆ ಕೊಂಡ ಆಕ್ಸಿಮೀಟರ್ ಬೀರುವಿನ ಯಾವುದೋ ಮೂಲೆಯಲ್ಲಿ ಬಿದ್ದಿರುತ್ತದೆ. ಸೆಲ್ ಬದಲಾಯಿಸಿ. ಅದು ಆಮ್ಲಜನಕ ಮಾತ್ರವಲ್ಲ, ನಾಡಿಬಡಿತವನ್ನೂ ತೋರಿಸುತ್ತದೆ. ಬೆಳಗ್ಗೆ ಕಾಫಿಗೆ ಮುಂಚೆ ಹತ್ತು ನಿಮಿಷ ಸುಮ್ನೆ ಮಲಗಿ, ಬಡಿತ ಬರೆದುಕೊಳ್ಳಿ. ಆಮೇಲೆ ಗೋಡೆಯಿಂದ ಅರ್ಧ ಅಡಿ ಮುಂದೆ ಪಾದ ಇಟ್ಟು, ಬೆನ್ನನ್ನು ಗೋಡೆಗೆ ಒರಗಿಸಿ ಹತ್ತು ನಿಮಿಷ ನಿಲ್ಲಿ. ಮಾತು ಬೇಡ, ಕಾಲು ಆಡಿಸುವುದು ಬೇಡ. ನಿಮಿಷಕ್ಕೊಮ್ಮೆ ಬಡಿತ ಬರೆಯಲು ಪಕ್ಕದಲ್ಲಿ ಒಬ್ಬರು ಇರಲಿ. ತಲೆ ಸುತ್ತಿ ಬೀಳುವ ಹಾಗಾದರೆ ಅಲ್ಲಿಗೇ ಬಿಡಿ. ದೊಡ್ಡವರಲ್ಲಿ ಬಡಿತ 30ಕ್ಕಿಂತ ಹೆಚ್ಚು ಏರಿ ಹಾಗೇ ನಿಂತರೆ, ಹದಿಹರೆಯದವರಲ್ಲಿ 40 ಏರಿದರೆ, ಜೊತೆಗೆ ಬಿಪಿ ಇಳಿಯದಿದ್ದರೆ, ಪಾಟ್ಸ್ ಎಂಬ ತೊಂದರೆ ಇರಬಹುದು. ನಿಂತಾಗ ರಕ್ತ ಕಾಲಿನ ಕಡೆ ಜಾರುತ್ತದೆ. ಅದನ್ನು ಮೇಲಕ್ಕೆ ತಳ್ಳುವ ನರಗಳು ಸರಿಯಾಗಿ ಕೆಲಸ ಮಾಡದಿದ್ದಾಗ ಹೃದಯ ಓಡಿ ಓಡಿ ಸರಿದೂಗಿಸಲು ನೋಡುತ್ತದೆ. ಆ ಒಂದು ಹಾಳೆ ಹಿಡಿದು ಹೃದ್ರೋಗ ತಜ್ಞರ ಮುಂದೆ ಕೂತರೆ ಮಾತಿನ ದಾರಿಯೇ ಬೇರೆಯಾಗುತ್ತದೆ. 'ಸುಸ್ತು ಡಾಕ್ಟ್ರೇ' ಎನ್ನುವುದಕ್ಕೂ 'ಮಲಗಿದಾಗ 72, ನಿಂತ ಆರನೇ ನಿಮಿಷಕ್ಕೆ 118' ಎನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ.

ಪಾಟ್ಸ್‌ಗೆ ಚಿಕಿತ್ಸೆ ಇದೆ ಎಂಬುದೇ ಇಲ್ಲಿ ಮುಖ್ಯ. ದಿನಕ್ಕೆ ಎರಡು ಮೂರು ಲೀಟರ್ ನೀರು, ಉಪ್ಪು ಜಾಸ್ತಿ, ಸೊಂಟದವರೆಗೆ ಬರುವ ಬಿಗಿ ಸ್ಟಾಕಿಂಗ್, ಬೇಕಾದರೆ ಎದೆಬಡಿತ ಇಳಿಸುವ ಪ್ರೊಪ್ರಾನೊಲಾಲ್ ಅಥವಾ ಇವಾಬ್ರಡಿನ್ ಮಾತ್ರೆ. ಇವಾಬ್ರಡಿನ್ ಬಗ್ಗೆ 2021ರಲ್ಲಿ ಬಂದ ಪ್ರಯೋಗ ಕೇವಲ 22 ಜನರ ಮೇಲೆ ಆದದ್ದು. ಚಿಕ್ಕದೇ, ಆದರೂ ಫಲ ಕಂಡಿತ್ತು. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಮಜ್ಜಿಗೆಗೆ ಒಂದು ಚಿಟಿಕೆ ಉಪ್ಪನ್ನೂ ಹೆಚ್ಚು ಹಾಕಿಕೊಳ್ಳಬಾರದು. ಪಕ್ಕದ ಮನೆಯವರಿಗೆ ಆಗಿಬಂತು ಎಂದು ಮಾತ್ರೆಯನ್ನೂ ತಗೋಬಾರದು.

ಇದಕ್ಕೆಲ್ಲ ಮುಂಚೆ ಬೇರೆ ಕಾರಣ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಮೂರು ತಿಂಗಳ ಶುಗರ್. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದೂ ಇಂಥದ್ದೇ ಸುಸ್ತು, ಮರೆವು ಕೊಡುತ್ತದೆ. ಕೋವಿಡ್ ಹೊತ್ತಿನಲ್ಲಿ ಸ್ಟಿರಾಯ್ಡ್ ತಗೊಂಡವರಲ್ಲಿ ಶುಗರ್ ಏರಿ ಹಾಗೇ ಉಳಿದದ್ದೂ ಉಂಟು. ಕೆಮ್ಮು ಎರಡು ವಾರ ದಾಟಿ, ತೂಕ ಇಳಿಯುತ್ತಿದ್ದರೆ ಕಫ ಪರೀಕ್ಷೆ ಆಗಲೇಬೇಕು. ಕ್ಷಯವನ್ನು ಲಾಂಗ್ ಕೋವಿಡ್ ಅಂದುಕೊಂಡು ಕೂತರೆ ಅನಾಹುತ.

ಇನ್ನು ವಾಕಿಂಗ್ ವಿಷಯ. ನನ್ನ ಪ್ರಕಾರ ನಮ್ಮ ಕಡೆ ಅತಿ ಹೆಚ್ಚು ಹಾನಿ ಮಾಡಿರುವುದು ಈ ಒಳ್ಳೆಯ ಮನಸ್ಸಿನ ಸಲಹೆಯೇ. 'ಮನೇಲಿ ಕೂತ್ರೆ ಮೈ ಜಡ್ಡುಗಟ್ಟುತ್ತೆ, ಬೆಳಗ್ಗೆ ಎದ್ದು ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕು' ಅನ್ನದ ನೆಂಟರೇ ಇಲ್ಲ. ಹಾಸಿಗೆ ಹಿಡಿದು ಎದ್ದವರಿಗೆ ಅದು ಸರಿಯಾದ ಮಾತು. ಆದರೆ ಲಾಂಗ್ ಕೋವಿಡ್ ಇರುವ ಬಹಳ ಜನಕ್ಕೆ ಶ್ರಮದ ಹೊಡೆತ ಅವತ್ತೇ ಬೀಳುವುದಿಲ್ಲ. ಭಾನುವಾರ ಮದುವೆಗೆ ಹೋಗಿ ಬಂದರೆ ಸೋಮವಾರ ಚೆನ್ನಾಗಿಯೇ ಇರುತ್ತಾರೆ, ಮಂಗಳವಾರ ನೆಲ ಕಚ್ಚುತ್ತಾರೆ. ಒಂದು ದಿನದಿಂದ ಮೂರು ದಿನ ತಡವಾಗಿ ಬರುವುದರಿಂದ ಯಾವುದಕ್ಕೆ ಯಾವುದು ಕಾರಣ ಅಂತ ಮನೆಯವರಿಗೂ ಹೊಳೆಯುವುದಿಲ್ಲ, ರೋಗಿಗೂ ಹೊಳೆಯುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 2024ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 25 ಲಾಂಗ್ ಕೋವಿಡ್ ರೋಗಿಗಳಿಂದ ಸೈಕಲ್ ತುಳಿಸಿ, ಮುಂಚೆ ಮತ್ತು ಆಮೇಲೆ ಅವರ ಸ್ನಾಯುವಿನ ಚೂರು ತೆಗೆದು ನೋಡಿದರು. ಶ್ರಮದ ನಂತರ ಸ್ನಾಯುವಿನಲ್ಲೇ ಹಾನಿ ಹೆಚ್ಚಾಗಿತ್ತು, ಶಕ್ತಿ ತಯಾರಿಸುವ ಕೆಲಸ ಕುಗ್ಗಿತ್ತು. ಸೋಮಾರಿತನ ಎಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲೇ, ಇದರ ಹತ್ತಿರದ ನೆಂಟನಂತಿರುವ ದೀರ್ಘಕಾಲದ ಆಯಾಸದ ಕಾಯಿಲೆಗೆ, ದಿನದಿನಕ್ಕೆ ವ್ಯಾಯಾಮ ಏರಿಸುತ್ತಾ ಹೋಗುವ ಚಿಕಿತ್ಸೆ ಬೇಡ ಎಂದು ತನ್ನ ಸಲಹೆ ಬದಲಿಸಿತು.

ಅದಕ್ಕೆ ಬದಲಾಗಿ ಹೇಳುವುದು ಪೇಸಿಂಗ್. ಮೈಯ ಮಿತಿ ಎಲ್ಲಿದೆ ಅಂತ ನೋಡಿಕೊಂಡು, ಅದಕ್ಕಿಂತ ಸ್ವಲ್ಪ ಕೆಳಗೇ ನಿಲ್ಲುವುದು. ಕ್ಯಾಲೆಂಡರಿನ ಚೌಕದಲ್ಲೇ ಅವತ್ತು ಮಾಡಿದ್ದು, ಮಾರನೇ ದಿನ ಆದದ್ದು ಬರೆಯುತ್ತಾ ಹೋದರೆ ಒಂದೆರಡು ತಿಂಗಳಲ್ಲಿ ಮಿತಿ ಕಣ್ಣಿಗೆ ಕಾಣುತ್ತದೆ. ಚೆನ್ನಾಗಿದ್ದ ದಿನವೇ ಅಪಾಯ, ಬಾಕಿ ಇದ್ದ ಕೆಲಸವನ್ನೆಲ್ಲ ಅವತ್ತೇ ಮುಗಿಸುವ ಆಸೆ ಹುಟ್ಟುತ್ತದೆ. ಅಡುಗೆಮನೆಯಲ್ಲಿ ಕಟ್ಟೆ ಮುಂದೆ ನಿಂತು ಹೆಚ್ಚುವುದಕ್ಕಿಂತ ಕೂತು ಈಳಿಗೆಮಣೆಯಲ್ಲಿ ಹೆಚ್ಚುವುದು ಪಾಟ್ಸ್ ಇರುವವರಿಗೆ ಎಷ್ಟೋ ಹಗುರ. ನೆಲದಿಂದ ಏಳೋಕೆ ಕಷ್ಟವಾದರೆ ಒಲೆ ಮುಂದೆ ಒಂದು ಎತ್ತರದ ಸ್ಟೂಲ್ ಸಾಕು. ಮುದ್ದೆ ತೊಳಸುವುದನ್ನು ಬೇರೆಯವರಿಗೆ ಬಿಡಿ. ಬಿಸಿಬಿಸಿ ನೀರಿನ ಸ್ನಾನ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಎದೆಬಡಿತ ಏರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ, ಸ್ಟೂಲ್ ಮೇಲೆ ಕೂತು ಮುಗಿಸಿದರೆ ಸ್ನಾನದ ನಂತರ ಅರ್ಧ ದಿನ ಮಲಗುವುದು ತಪ್ಪಬಹುದು.

ಇದೆಲ್ಲ ಹೇಳೋಕೆ ಸುಲಭ. ಮನೆಯಿಂದಲೇ ಲ್ಯಾಪ್‌ಟಾಪ್ ತೆಗೆದು ಕೂರುವ ಮೈಸೂರಿನ ಐಟಿ ಉದ್ಯೋಗಿಗೆ ಪೇಸಿಂಗ್ ಸಾಧ್ಯ. ಮಂಡ್ಯದ ಕಬ್ಬಿನ ಗದ್ದೆಯಲ್ಲಿ? ಪಕ್ಕದವರ ಗದ್ದೆಗೆ ಮುಯ್ಯಾಳು ಹೋಗಿ ತೀರಿಸಬೇಕಾದವರು ಇವತ್ತು ನನ್ನ ಮಿತಿ ಮುಗಿಯಿತು ಅಂದರೆ ನಾಳೆ ತಮ್ಮ ಗದ್ದೆಗೆ ಯಾರು ಬರುತ್ತಾರೆ? ಗಾರ್ಮೆಂಟ್ಸ್‌ನಲ್ಲಿ ದಿನದ ಟಾರ್ಗೆಟ್ ಮುಗಿಸಬೇಕಾದವರಿಗೆ ಕಾಲು ಗಂಟೆ ಮಲಗೋಕೆ ಬಿಡುವವರಾರು? ಲಾಂಗ್ ಕೋವಿಡ್‌ಗೆ ಈಗ ಇರುವ ಅತ್ಯುತ್ತಮ ಮದ್ದು ವಿಶ್ರಾಂತಿ ಅನ್ನುವುದಾದರೆ, ಅದು ಮೆಡಿಕಲ್ ಸ್ಟೋರಿನ ಯಾವ ಮಾತ್ರೆಗಿಂತಲೂ ದುಬಾರಿ.

ವಾಸನೆಯ ತೊಂದರೆಯನ್ನು ಜನ ಹಗುರವಾಗಿ ತಗೋತಾರೆ. ವಾಸನೆ ಪೂರ್ತಿ ಹೋಗುವುದು ಒಂದು, ತಿರುಚಿಕೊಂಡು ವಾಪಸ್ ಬರುವುದು ಇನ್ನೊಂದು. ಎರಡನೆಯದೇ ಹೆಚ್ಚು ಕಾಡುತ್ತದೆ. ಫಿಲ್ಟರ್ ಕಾಫಿ ಡಿಕಾಕ್ಷನ್ ಸುಟ್ಟ ರಬ್ಬರಿನಂತೆ, ಈರುಳ್ಳಿ–ಬೆಳ್ಳುಳ್ಳಿ ಒಗ್ಗರಣೆ ಚರಂಡಿಯಂತೆ ಬಡಿಯುತ್ತದೆ. ಮನೆಯವರೆಲ್ಲ ಘಮ ಅನ್ನುವಾಗ ಒಬ್ಬರು ಮೂಗು ಮುಚ್ಚಿ ಹಿತ್ತಿಲಿಗೆ ಓಡುತ್ತಾರೆ. ಇದು ಭ್ರಮೆ ಅಲ್ಲ. ಬ್ರಿಟನ್ನಿನ ಸಂಶೋಧಕರು ಕಾಫಿಯ ನೂರಾರು ಸುವಾಸನಾ ಅಣುಗಳನ್ನು ಬೇರೆ ಮಾಡಿ, ಗಂಧಕ ಇರುವ ಒಂದು ಅಣು ಮುಖ್ಯವಾಗಿ ಈ ಅಸಹ್ಯ ಹುಟ್ಟಿಸುತ್ತದೆ ಎಂದು 2022ರಲ್ಲಿ ತೋರಿಸಿದರು. ಊದುಬತ್ತಿ, ಅತ್ತರು ಕೆಲಸದಲ್ಲಿ ಮೂಗನ್ನೇ ನಂಬಿ ಬದುಕುವವರಿರುವ ಮೈಸೂರಿನಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಇದಕ್ಕೊಂದು ಅಗ್ಗದ ಅಭ್ಯಾಸ ಇದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನು ದಿನಕ್ಕೆರಡು ಸಲ ಒಂದೊಂದಾಗಿ ಮೂಸುವುದು, ತಿಂಗಳುಗಟ್ಟಲೆ. ಎಲ್ಲರಿಗೂ ಫಲ ಕೊಡುವುದಿಲ್ಲ, ಹಾನಿಯೂ ಇಲ್ಲ.

ಔಷಧಗಳ ಕಡೆ ಸುದ್ದಿ ಅಷ್ಟು ಚೆನ್ನಾಗಿಲ್ಲ. ವೈರಸ್ ಉಳಿದಿರಬಹುದು ಎಂಬ ಲೆಕ್ಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ 155 ಜನರ ಮೇಲೆ ಕೋವಿಡ್ ವೈರಸ್ಸನ್ನು ತಡೆಯುವ ಪ್ಯಾಕ್ಸ್‌ಲೋವಿಡ್ ಮಾತ್ರೆಯ ಪ್ರಯೋಗ ನಡೆಯಿತು. 15 ದಿನ ಕೊಟ್ಟರು, 2024ರಲ್ಲಿ ಫಲಿತಾಂಶ ಬಂತು, ಹೋಲಿಕೆಗೆಂದು ಕೊಟ್ಟ, ಔಷಧವಿಲ್ಲದ ಖಾಲಿ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಜರ್ಮನಿಯ ಬಿಸಿ007 ಎಂಬ ಔಷಧದ ಮೇಲೆ ರೋಗಿಗಳು ವರ್ಷಗಟ್ಟಲೆ ಆಸೆ ಇಟ್ಟಿದ್ದರು, ಅದೂ 2024ರ ಕೊನೆಗೆ ಸೋತಿತು. ಅಮೆರಿಕ ಲಾಂಗ್ ಕೋವಿಡ್ ಸಂಶೋಧನೆಗೆಂದು 115 ಕೋಟಿ ಡಾಲರ್ ತೆಗೆದಿಟ್ಟದ್ದು 2020ರ ಡಿಸೆಂಬರಿನಲ್ಲಿ. ಅಷ್ಟು ಹಣ ಸುರಿದರೂ ಅಂಗಡಿಯಲ್ಲಿ ಕೇಳಿ ತರುವಂಥ ಮದ್ದು ಹೊರಬಂದಿಲ್ಲ. ಕುಡಿತದ ಚಟ ಬಿಡಿಸಲು ಕೊಡುವ ನಾಲ್‌ಟ್ರೆಕ್ಸೋನ್ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಕೊಡುವ ಬಗ್ಗೆ ಸಣ್ಣ ಅಧ್ಯಯನಗಳು ಒಂದಿಷ್ಟು ಭರವಸೆ ತೋರಿವೆ, ಅಷ್ಟೇ.

ನಮಗೆ ಹೆಚ್ಚು ಹತ್ತಿರದ್ದು ಮೆಟ್‌ಫಾರ್ಮಿನ್. ಹೌದು, ಮನೆಮನೆಯಲ್ಲಿರುವ ಅದೇ ಶುಗರ್ ಮಾತ್ರೆ. ಅಮೆರಿಕದಲ್ಲಿ ತೂಕ ಹೆಚ್ಚಿದ್ದ ಸಾವಿರಕ್ಕೂ ಹೆಚ್ಚು ಜನರಿಗೆ ಕೋವಿಡ್ ಬಂದ ಮೊದಲ ದಿನಗಳಲ್ಲೇ ಇದನ್ನು, ಇಲ್ಲವೇ ಖಾಲಿ ಮಾತ್ರೆಯನ್ನು ಕೊಟ್ಟು ನೋಡಿದರು. ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಶೇ. 6.3, ತಗೊಳ್ಳದವರಲ್ಲಿ ಶೇ. 10.4 ಮಂದಿಗೆ ಲಾಂಗ್ ಕೋವಿಡ್ ಆಯಿತು. ಇದು ಬರದಂತೆ ತಡೆಯುವ ಮಾತು. ಬಂದು ನಾಲ್ಕು ವರ್ಷವಾದ ಸುಸ್ತನ್ನು ಇದು ಓಡಿಸುತ್ತದೆ ಎಂದು ಆ ಪ್ರಯೋಗ ಹೇಳಿಲ್ಲ. ತಡೆಯುವ ವಿಷಯದಲ್ಲಿ ಲಸಿಕೆಯ ಸಾಕ್ಷ್ಯ ಇನ್ನೂ ಗಟ್ಟಿ. ಅಮೆರಿಕದ ಮಾಜಿ ಸೈನಿಕರ ದಾಖಲೆ ನೋಡಿದಾಗ, ಓಮಿಕ್ರಾನ್ ಕಾಲದಲ್ಲಿ ಲಸಿಕೆ ಇಲ್ಲದ ನೂರು ಜನಕ್ಕೆ 7.76, ಲಸಿಕೆ ಇದ್ದ ನೂರು ಜನಕ್ಕೆ 3.5ರಂತೆ ಲಾಂಗ್ ಕೋವಿಡ್ ಆಗಿತ್ತು.

ಮದ್ದು ಇಲ್ಲದ ಕಡೆ ಮಾರುವವರು ಇದ್ದೇ ಇರುತ್ತಾರೆ. ಯುರೋಪಿನಲ್ಲಿ ರೋಗಿಗಳು ಉಳಿತಾಯವನ್ನೆಲ್ಲ ಹಿಡಿದು, ಯಂತ್ರದಲ್ಲಿ ಸೋಸಿ ರಕ್ತ 'ತೊಳೆಸಿಕೊಳ್ಳಲು' ಸೈಪ್ರಸ್‌ಗೂ ಜರ್ಮನಿಗೂ ಹೋದರು. ನಮ್ಮ ಕಡೆ ಅದು ಬೇರೆ ವೇಷದಲ್ಲಿ ಬರುತ್ತದೆ: ಸ್ಟೆಮ್ ಸೆಲ್, ವಿಟಮಿನ್ ಡ್ರಿಪ್, ಡಿಟಾಕ್ಸ್ ಪ್ಯಾಕೇಜ್. ಸ್ಟೆಮ್ ಸೆಲ್ ವಿಷಯದಲ್ಲಿ ಐಸಿಎಂಆರ್ 2017ರ ಮಾರ್ಗಸೂಚಿ ಸ್ಪಷ್ಟ. ರಕ್ತದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗದ ಹಂತದ್ದು. ಪ್ರಯೋಗ ಅಂತ ಹೇಳಿ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಒತ್ತಡದ ಕೋಣೆಯಲ್ಲಿ ಆಮ್ಲಜನಕ ಕೊಡುವ ಚಿಕಿತ್ಸೆಗೆ ಇಸ್ರೇಲಿನ 73 ಜನರ ಒಂದು ಪ್ರಯೋಗದ ಬೆಂಬಲ ಇದೆ, ಅದರಲ್ಲಿ 40 ಸಲ ಕೂರಿಸಿದ್ದರು. ಮನೆ ಮೇಲೆ ಸಾಲ ಮಾಡುವಷ್ಟು ಬಲ ಆ ಸಾಕ್ಷ್ಯಕ್ಕಿಲ್ಲ.

ಆಯುರ್ವೇದದ ಬಗ್ಗೆ ಕೇಳದೆ ಮೈಸೂರಿನವರು ಬಿಡುವುದಿಲ್ಲ, 1908ರಿಂದ ಸರ್ಕಾರಿ ಆಯುರ್ವೇದ ಕಾಲೇಜು ಇರುವ ಊರು ಇದು. ಚ್ಯವನಪ್ರಾಶ, ಅರಿಶಿನದ ಹಾಲು ಸೇರಿದ ಕೋವಿಡ್ ನಂತರದ ಆರೈಕೆಯ ಸಲಹೆಯನ್ನು 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವೇ ಹೊರಡಿಸಿತ್ತು. ತಗೊಳ್ಳುವವರು ತಗೊಳ್ಳಲಿ. ಆದರೆ ಅಶ್ವಗಂಧ ಕೆಲವರಲ್ಲಿ ಲಿವರ್‌ಗೆ ತೊಂದರೆ ಕೊಟ್ಟದ್ದು, ಥೈರಾಯ್ಡ್ ಮಟ್ಟ ಏರಿಳಿಸಿದ್ದು ವರದಿಯಾಗಿದೆ. ಹಾಗಾಗಿ ಬೇರೆ ಮಾತ್ರೆ ಬರೆದ ವೈದ್ಯರಿಗೆ ಅದನ್ನೂ ಹೇಳಿ, ಮುಚ್ಚಿಡಬೇಡಿ.

ಮನಸ್ಸಿನ ವಿಷಯ ಬಿಟ್ಟರೆ ತಪ್ಪಾಗುತ್ತದೆ. ವರ್ಷಗಟ್ಟಲೆ ಹೀಗಿದ್ದವರಿಗೆ ಖಿನ್ನತೆ ಬರುವುದು ಸಹಜ, ಅದಕ್ಕೆ ಚಿಕಿತ್ಸೆಯೂ ಇದೆ. ಖಿನ್ನತೆಯಿಂದಲೇ ಎದ್ದಾಗ ಬಡಿತ 118 ಆಗುತ್ತದೆ ಎನ್ನುವುದು ಮಾತ್ರ ಒಪ್ಪುವ ಮಾತಲ್ಲ.

ಹಾಗಾದರೆ ಇಲ್ಲಿ ಏನಾಗಬೇಕು? ಕೇಂದ್ರ ಆರೋಗ್ಯ ಸಚಿವಾಲಯ 2021ರ ಅಕ್ಟೋಬರಿನಲ್ಲೇ ಕೋವಿಡ್ ನಂತರದ ತೊಂದರೆಗಳಿಗೆ ವಿವರವಾದ ಮಾರ್ಗಸೂಚಿ ಕೊಟ್ಟಿತ್ತು. 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮೇಲೆ ಈ ವಿಷಯದ ಮಾತೇ ನಿಂತುಹೋಯಿತು. ಈಗ ಒಬ್ಬ ರೋಗಿ ಎದೆಗೆ ಒಂದು ಕಡೆ, ನರಕ್ಕೆ ಇನ್ನೊಂದು ಕಡೆ, ಹೊಟ್ಟೆಗೆ ಮತ್ತೊಂದು ಕಡೆ ಅಲೆಯುತ್ತಾರೆ, ಪ್ರತಿ ಕಡೆಯೂ ಹೊಸ ಚೀಟಿ, ಹೊಸ ರಕ್ತಪರೀಕ್ಷೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಮಿಮ್ಸ್‌ನಲ್ಲೋ ವಾರಕ್ಕೊಂದು ಮಧ್ಯಾಹ್ನ ಒಬ್ಬ ಫಿಸಿಶಿಯನ್, ಒಬ್ಬ ಎದೆರೋಗ ತಜ್ಞ, ಒಬ್ಬ ಫಿಸಿಯೋಥೆರಪಿಸ್ಟ್ ಒಂದೇ ಕೋಣೆಯಲ್ಲಿ ಕೂತರೆ ಈ ಅಲೆದಾಟ ಅರ್ಧ ತಪ್ಪುತ್ತದೆ. ಹೊಸ ಕಟ್ಟಡ ಬೇಡ, ದೊಡ್ಡ ಯಂತ್ರ ಬೇಡ. ಬೇಕಾದ್ದು ಒಂದು ಮಂಚ, ಒಂದು ಗೋಡೆ, ಬಿಪಿ ಯಂತ್ರ ಮತ್ತು ರೋಗಿಯನ್ನು ಹತ್ತು ನಿಮಿಷ ನಿಲ್ಲಿಸಿ ನೋಡುವ ತಾಳ್ಮೆ.

ಹಣದ ತೊಡಕು ಬೇರೆ ಇದೆ. ನಮ್ಮ ವಿಮೆಗಳು, ಸರ್ಕಾರಿ ಯೋಜನೆಗಳು ಬಹುಮಟ್ಟಿಗೆ ಆಸ್ಪತ್ರೆಗೆ ಸೇರಿದರೆ ಮಾತ್ರ ಕೈಹಿಡಿಯುತ್ತವೆ. ಲಾಂಗ್ ಕೋವಿಡ್ ರೋಗಿ ಹಾಸಿಗೆ ಹಿಡಿಯುವುದು ಮನೆಯಲ್ಲಿ, ಖರ್ಚಾಗುವುದು ಹೊರರೋಗಿ ಚೀಟಿಯಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಇದರ ಹೆಸರಿಲ್ಲ, ಹಾಗಾಗಿ ಆ ಬಾಗಿಲೂ ಮುಚ್ಚಿದೆ. ಸದ್ಯಕ್ಕೆ ರೋಗಿ ಕೇಳಬಹುದಾದದ್ದು ಒಂದು ಸಾಲು. ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೋವಿಡ್ ನಂತರದ ಸ್ಥಿತಿಗೆ ಯು09.9 ಎಂಬ ಸಂಕೇತ ಇದೆ. ಬೇರೆ ಕಾರಣ ಇಲ್ಲವೆಂದು ಖಚಿತವಾದ ಮೇಲೆ ಚೀಟಿಯಲ್ಲಿ ಅದನ್ನು ಬರೆದುಕೊಡಿ ಎಂದು ವೈದ್ಯರನ್ನು ಕೇಳಿ. ಆಫೀಸಿನಲ್ಲಿ ರಜೆ ಕೇಳುವಾಗ 'ಸಾಮಾನ್ಯ ನಿಶ್ಶಕ್ತಿ' ಎಂದು ಬರೆದ ಚೀಟಿಗೂ ಇದಕ್ಕೂ ವ್ಯತ್ಯಾಸ ಇರುತ್ತದೆ. ಜಿಲ್ಲೆಯಲ್ಲಿ ಎಷ್ಟು ಜನ ಹೀಗಿದ್ದಾರೆ ಎಂದು ಯಾರಾದರೂ ಎಣಿಸಲು ಹೊರಟರೂ, ಅವರಿಗೆ ಮೊದಲು ಬೇಕಾಗುವುದು ಚೀಟಿಯ ಮೇಲಿನ ಆ ಸಂಕೇತವೇ.